ಕೊರಳಿನ ತೂಕ

ದಾರೂಖಾನೆಯಲ್ಲಿ ಹಡಗು ಒಂದೇ ಸಲಕ್ಕೆ ಸಾಯುವುದಿಲ್ಲ.
ಮೊದಲು ಗಂಟೆ ಹೋಗುತ್ತದೆ, ಆಮೇಲೆ ಕಿಟಕಿಯ ಗಾಜು,
ಕುರ್ಚಿ, ಕನ್ನಡಿ, ಕಕ್ಕಸಿನ ಬಾಗಿಲು,
ಕಡೆಗೆ ಹೊಟ್ಟೆಯ ತಗಡು.
ನಾನು ಕಾಟಾದ ಪಕ್ಕ ಕೂತು ಬರೆಯುತ್ತೇನೆ:
ಕಬ್ಬಿಣ ಇಷ್ಟು, ಹಿತ್ತಾಳೆ ಇಷ್ಟು,
ತಾಮ್ರಕ್ಕೆ ಬೇರೆ ಪುಟ, ಬೇರೆ ಬೀಗ.

ಸುರಪುರದ ದಸ್ತಗೀರ ಗ್ಯಾಸ್ ಕಟರ್ ಹಿಡಿದವನು.
ಕಿಡಿ ತಿಂದು ಉಳಿಸಿದ್ದು
ಎರಡೂ ಹುಬ್ಬು ಸೇರಿ ಒಂದು ಹುಬ್ಬಿನಷ್ಟು ಕೂದಲು.
ಉಂಡ ಮೇಲೆ ಗೋಡೆಗೆ ಮೊಣಕೈ ಊರಿ
ಶಿವಡಿಯ ಕೆಸರು ನೋಡುತ್ತಾನೆ.
ನೀರು ಇಳಿದಿದೆ. ಗುಲಾಬಿ ಹಿಂಡು
ತಲೆ ಕೆಳಗೆ ಮಾಡಿ ಕೆಸರು ಸೋಸುತ್ತಿದೆ,
ಅವನ ಊರಿನ ಹೆಂಗಸರು ಜೋಳ ಕೇರುವ ಹಾಗೆ,
ಬೇಕಾದ್ದು ಒಳಗೆ, ಬೇಡಾದ್ದು ಹೊರಗೆ.
“ಆ ಕೆಂಪು ಹುಟ್ಟಿನಿಂದ ಬಂದದ್ದಲ್ಲರಿ, ತಿಂದು ಬಂದದ್ದು.”
ಯಾರು ಹೇಳಿದ್ದರೋ ಅವನಿಗೆ.

ಮರುದಿನದಿಂದ ತುಂಡು ಆಯತೊಡಗಿದ.
ಕಾಲಿಗೆ ಸರಳು,
ರೆಕ್ಕೆಗೆ ಎಂಜಿನ್ ಕೋಣೆಯ ಫ್ಯಾನಿನ ಎರಡು ಅಲಗು,
ಗರಿಗೆ ಮೀನಿನ ಡಬ್ಬಿಯ ಮುಚ್ಚಳ, ಅದರ ಮೇಲೆ
ಓದಲಾಗದ ಯಾವುದೋ ದೇಶದ ಲಿಪಿ.
ಕೊಕ್ಕಿಗೆ ಬಾಗಿದ ಬೋಲ್ಟು, ತುದಿಗೆ ಡಾಂಬರು.
ಬಣ್ಣ ಮಾತ್ರ ಅಂಗಡಿಯಿಂದ ತರಲಿಲ್ಲ:
ಮೂವತ್ತು ವರ್ಷ ನೀರೊಳಗಿದ್ದ
ಹಡಗಿನ ಹೊಟ್ಟೆಯ ಕೆಂಪು ಹೆರೆದು, ಅರೆದು,
ಸುಣ್ಣ, ಫೆವಿಕಾಲ್ ಬೆರೆಸಿದ.

ಚಹಾ ತರುವ ಸಗುಣಾ ನೋಡಿ ನಕ್ಕಳು:
“ಕಾಕಾ, ಇದಕ್ಕೆ ಮನುಷ್ಯರ ಮೊಣಕಾಲು ಇಟ್ಟಿದ್ದೀಯಲ್ಲ!
ಅವುಗಳದು ಹಿಂದಕ್ಕೆ ಮಡಚುತ್ತದೆ.”
ಎರಡು ದಿನ ಅವಳ ಚಹಾ ಮುಟ್ಟಲಿಲ್ಲ.
ಮೂರನೆಯ ದಿನ ಎರಡೂ ಕಾಲು ಕತ್ತರಿಸಿ
ತಿರುಗಿಸಿ ಬೆಸೆದ.

ಕೊರಳು ತಾಮ್ರದ ಪೈಪು.
ಮದುಮಗನ ಹಾಗೆ ಸೆಟೆದು ನಿಂತಿತ್ತು ಹಕ್ಕಿ.
ಮುಸ್ತನ್ಸಿರ್ ಶೇಠ್ ಒಂದು ಸುತ್ತು ಬಂದರು,
ಮೊಬೈಲಿನಲ್ಲಿ ಫೋಟೊ ಹಿಡಿದರು,
ಉಗುರಿನಿಂದ ಕೊರಳು ಬಡಿದು ಸದ್ದು ಕೇಳಿದರು.
“ಬಹಳ ಚೆನ್ನಾಗಿದೆ. ನಾನೂರ ಎಪ್ಪತ್ತು ಗ್ರಾಂ. ಬಿಚ್ಚು.”

ತೂಗಿದವನು ನಾನೇ.
ಶೇಠರ ಅಂದಾಜಿಗಿಂತ ಹದಿನೆಂಟು ಗ್ರಾಂ ಜಾಸ್ತಿ;
ಬಣ್ಣದ್ದಿರಬೇಕು.
ಕಳೆಯದೆ ಬರೆದೆ.

ಮೂರು ವಾರ ತಲೆಯಿಲ್ಲದೆ ನಿಂತಿತ್ತು.
ಕಾಗೆ ಬಂದು ಕೂತು ಹೋಗುತ್ತಿತ್ತು.
ದಸ್ತಗೀರನಿಗೆ ಏನು ಹೇಳಲಿ ಎಂದು ಹುಡುಕಿ
ದಿನಾ ಲೆಕ್ಕದ ಪುಸ್ತಕಕ್ಕೆ ಮುಖ ಹಾಕುತ್ತಿದ್ದೆ.
ಅಷ್ಟರಲ್ಲಿ ಅವನ ಗ್ಯಾಸಿನ ರಬ್ಬರ್ ನಳಿಕೆ ಸೀಳಿತು.
ಹೊಸದು ಕೊಟ್ಟರು. ಹಳೆಯದರಲ್ಲಿ ಮೊಳದುದ್ದ ಕೊಯ್ದು
ಹಕ್ಕಿಯ ಹೆಗಲಿಗೆ ಸಿಕ್ಕಿಸಿದ.
ಒಳಗೆ ತಂತಿ ಹಾಕು ಎಂದೆ. ಹಾಕಲಿಲ್ಲ.

ಈಗ ಬೆಳಗಿನ ತಂಪಿಗೆ ಕೊರಳು ಅರ್ಧ ಎತ್ತರಕ್ಕಿರುತ್ತದೆ.
ಮಾರ್ಚಿನ ಬಿಸಿಲು ಏರಿದಂತೆ ರಬ್ಬರು ಮೆತ್ತಗಾಗಿ
ಇಳಿಯುತ್ತದೆ, ಇಳಿಯುತ್ತದೆ,
ಒಂದು ಗಂಟೆಯ ಹೊತ್ತಿಗೆ
ಬೋಲ್ಟಿನ ಕೊಕ್ಕು ಕಬ್ಬಿಣದ ಹುಡಿಗೆ ತಾಗಿ
ಟಿಕ್ ಎನ್ನುತ್ತದೆ.
ಒಮ್ಮೊಮ್ಮೆ ಇಳಿತವೂ ಅದೇ ಹೊತ್ತಿಗೆ ಬಿದ್ದು
ಗೋಡೆಯಾಚೆ ಸಾವಿರ ತಲೆ ಕೆಸರಲ್ಲಿ.

“ಹಸಿವು ಆಗ್ಯಾದ ನೋಡ್ರಿ ಅದಕ,” ಎಂದು
ದಸ್ತಗೀರ ತನ್ನ ಡಬ್ಬಿ ತೆರೆದ.