ಷರಾ

ಅರ್ಜಿ ಮಲಯಾಳದಲ್ಲಿತ್ತು, ನಾಲ್ಕು ಹಾಳೆ.
ಎವ್ಜಿನ್ ಬಾಯಿ ಕನ್ನಡಕ ಏರಿಸಿ, ಇಳಿಸಿ,
‘ಇದರಲ್ಲಿ ನನ್ನ ಮನೆ ಎಲ್ಲುಂಟು?’ ಎಂದರು.
ಬೆರಳಿಟ್ಟು ತೋರಿಸಿದೆ: ಕಲಂ ಏಳು,
ಆತಿಥೇಯರ ಕಟ್ಟಡ, ಚದರಡಿ, ಕಕ್ಕಸು ಇದೆಯೇ ಇಲ್ಲವೇ.
ಉಪ್ಪಳದ ವಿಲ್ಲೇಜ್ ಆಫೀಸಿನಲ್ಲಿ
ಕನ್ನಡದಲ್ಲಿ ಓದಿ ಹೇಳುವುದು ನನ್ನ ಹುದ್ದೆಯ ಕೆಲಸವಲ್ಲ,
ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ.

ಆ ಸಲದ ಆಟಿಯಲ್ಲಿ ಕಡಲು
ಮೂಸೋಡಿಯ ಕಲ್ಲುಗೋಡೆ ಹತ್ತಿ ಬಂದು
ಮೊದಲು ತೆಂಗಿನ ಬುಡ, ಆಮೇಲೆ ಅಡುಗೆಮನೆ,
ಆಮೇಲೆ ಕರೆಂಟಿನ ಮೀಟರು ಒಯ್ದಿತು.
(ಬಿಲ್ಲು ಮಾತ್ರ ಮರುತಿಂಗಳೂ ಬಂತು.)
ಶಾಲೆಯಲ್ಲಿ ಹನ್ನೊಂದು ದಿನ ಗಂಜಿ.
ಹನ್ನೆರಡನೆಯ ದಿನ ಯೋಜನೆ:
ಖಾಲಿ ಕೋಣೆ ಇದ್ದವರು ಕೊಡಿ,
ತಿಂಗಳಿಗೆ ಆರು ಸಾವಿರ, ಆರು ತಿಂಗಳು.
ಹೀಗೆ ಖೈರುನ್ನೀಸ, ಅವಳ ಅತ್ತೆ, ಇಬ್ಬರು ಮಕ್ಕಳು,
ಒಂದು ಹೊಲಿಗೆ ಮೆಷಿನ್ನು
ಕ್ರಾಸ್ತಾರ ಮನೆಯ ಪಡುಬದಿಯ ಕೋಣೆಗೆ ಬಂದರು.

ಬ್ಯಾರಿ ಇವರಿಗೆ ಬಾರದು, ಕೊಂಕಣಿ ಅವರಿಗೆ.
ಒಲೆಯ ಮುಂದೆ ತುಳು, ಜಗಳಕ್ಕೆ ಕನ್ನಡ.
ಮೊದಲ ದಿನವೇ ಎವ್ಜಿನ್ ಬಾಯಿ, ಯಾರೂ ಹೇಳದೆ,
ಹಂದಿ ಬೇಯಿಸುವ ಬೋಗುಣಿಯನ್ನು
ಕಟ್ಟಿಗೆ ಕೊಟ್ಟಿಗೆಗೆ ಸಾಗಿಸಿದರು.
ಅದಕ್ಕೆ ಕಲಂ ಇಲ್ಲ.

ಸಂತರೆಂದುಕೊಳ್ಳಬೇಡಿ.
ನಾಲ್ಕನೆಯ ತಿಂಗಳ ದುಡ್ಡು ಬಾರದಿದ್ದಾಗ
ಮೂರು ಸಲ ಮೆಟ್ಟಿಲು ಹತ್ತಿ ಬಂದು ಬೈದರು.
‘ಹೈವೇ ಕೆಲಸದ ಸೂಪರ್‌ವೈಸರ್ ಅದೇ ಕೋಣೆಗೆ
ಒಂಬತ್ತು ಕೊಡ್ತೇನೆ ಅಂತಾನೆ. ನನಗೇನು ಹುಚ್ಚೆ?’
ಲೆಸ್ಟರಿನಲ್ಲಿ ನರ್ಸ್ ಆಗಿರುವ ತಂಗಿಯ ಮಗಳು ಮೆಲಿಟಾ
ಫೋನಿನಲ್ಲಿ ಹೇಳಿದ್ದಳಂತೆ:
ಅವಳ ಓನರಮ್ಮನ ಮಾಳಿಗೆಯಲ್ಲಿ
ಯುಕ್ರೇನಿನ ಒಬ್ಬ ತಾಯಿ, ಒಬ್ಬ ಹುಡುಗ.
ಸರ್ಕಾರ ಮನೆಯವರಿಗೆ ಕೊಡುವುದು ಬಾಡಿಗೆಯಲ್ಲ,
ಅದರ ಹೆಸರೇ ‘ಥ್ಯಾಂಕ್ಯೂ’. ಮುನ್ನೂರೈವತ್ತು ಪೌಂಡು.
ಕ್ಯಾಲೆಂಡರಿನ ಬೆನ್ನಿಗೆ ಗುಣಿಸಿ ತಂದಿದ್ದರು.
‘ಅಲ್ಲಿ ಥ್ಯಾಂಕ್ಯೂವಿಗೇ ಇಷ್ಟು. ಇಲ್ಲಿ ನೀರು, ಕರೆಂಟು ಸೇರಿ ಆರು,
ಅದೂ ಬಾಕಿ!’
ಆಮೇಲೆ ಬ್ಯಾಗು ಮುಚ್ಚುತ್ತ, ಮೆಲ್ಲಗೆ,
‘ಆ ಹುಡುಗ ಪಟಾಕಿ ಕೇಳಿದರೆ ಮಂಚದಡಿ ಹೋಗ್ತಾನಂತೆ.
ನಮ್ಮ ಚಿಕ್ಕದೂ ಹುಣ್ಣಿಮೆಗೆ ಹಾಗೆಯೇ. ಕಡಲು ಕೇಳ್ತದಂತೆ.’
ನಮ್ಮ ಚಿಕ್ಕದು ಅಂದರು. ನಾನು ಬರೆದುಕೊಳ್ಳಲಿಲ್ಲ.

ನಾನೂ ಲೆಕ್ಕದವನೇ. ತಾಲೂಕಿಗೆ ಮೂವತ್ತೊಂದು ಕುಟುಂಬ,
ಹನ್ನೊಂದು ಲಕ್ಷ ಹದಿನಾರು ಸಾವಿರ.
ಅಷ್ಟರಲ್ಲಿ ಗೋಡೆ ಹನ್ನೆರಡು ಮಾರು ಉದ್ದವಾಗುತ್ತಿತ್ತು ಎಂದರು ಇಂಜಿನಿಯರ್.
ಅಷ್ಟರಲ್ಲಿ ಎರಡು ಮನೆಯೂ ಏಳುತ್ತಿರಲಿಲ್ಲ ಎಂದರು ತಹಶೀಲ್ದಾರ್.
ಇಬ್ಬರೂ ಸರಿ. ಚಹಾದ ಹುಡುಗನಿಗೆ ಇಬ್ಬರೂ ದುಡ್ಡು ಕೊಡಲಿಲ್ಲ.
ಸಾದಿಲ್ವಾರು ಎಂದು ನಾನು ಬರೆದೆ.

ಮಾರ್ಚಿಗೆ ಆಡಿಟ್.
ತಿರುವನಂತಪುರದಿಂದ ಬಂದ ತರುಣಿ, ಕೆಂಪು ಪೆನ್ನು,
ಕಡತದ ಕೊನೆಯ ಕಲಮಿನಲ್ಲಿ ತಡವರಿಸಿದಳು.
ಷರಾ. ಅಲ್ಲಿ ಮಾತ್ರ ನಾನು ಕನ್ನಡದಲ್ಲಿ ಬರೆಯುವುದು,
ಇರುವ ಜಾಗ ಅಷ್ಟೇ.
‘ಇದೇನು?’
ಬಾವಿಹಗ್ಗ, ಎಂದೆ. ನಾಲ್ಕು ಮಂದಿ ಹೆಚ್ಚಾದ ಮೇಲೆ
ವರ್ಷ ಬಾಳುವ ಹಗ್ಗ ಮೂರೇ ತಿಂಗಳಿಗೆ ಸವೆದು
ಕೊಡ ಸಮೇತ ಬಿತ್ತು. ಹೊಸತಕ್ಕೆ ಇನ್ನೂರ ನಲವತ್ತು, ಎವ್ಜಿನ್ ಬಾಯಿಯದು.
ಕೊಡ ಎತ್ತಲು ಇಳಿದವನು ಖೈರುನ್ನೀಸಳ ಹಿರಿಯ.
‘ರಶೀದಿ?’
ಇಲ್ಲ.
‘ಯೋಜನೆಯಲ್ಲಿ ಹಗ್ಗಕ್ಕೆ ಅವಕಾಶ?’
ಇಲ್ಲ.
‘ಮತ್ತೆ ಈ ಹಣ ಕೇಳಿದವರು ಯಾರು?’
ಯಾರೂ ಇಲ್ಲ.
ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು,
ಓದಲು ಬಾರದವರು ನೋಡುವ ಹಾಗೆ, ಬರೀ ಆಕಾರ.
ಕೆಂಪಿನಲ್ಲಿ ಒಂದು ಸುತ್ತು ಹಾಕಿ
ಹಾಳೆ ತಿರುವಿದಳು.

ಆರು ಮುಗಿದು ಇದು ಎಂಟನೆಯ ತಿಂಗಳು.
ಸೂಪರ್‌ವೈಸರ್ ಇನ್ನೂ ಕೋಣೆ ಹುಡುಕುತ್ತಿದ್ದಾನೆ,
ಅಥವಾ ಹುಡುಕುವುದು ನಿಲ್ಲಿಸಿದ್ದಾನೆ.
ಎವ್ಜಿನ್ ಬಾಯಿ ಬೈಯಲು ಬರುತ್ತಿಲ್ಲ. ಅದೇ ನನಗೆ ಹೆದರಿಕೆ.
ನಾಳೆ ಒಂದು ಸ್ಟಾಪು ಮೊದಲೇ ಬಸ್ಸಿಳಿದು
ಆ ಕಡೆಯಿಂದ ನಡೆದು ಹೋಗಬೇಕು,
ಬೋಗುಣಿ ಇನ್ನೂ ಕೊಟ್ಟಿಗೆಯಲ್ಲಿದೆಯೋ
ಒಳಗೆ ಬಂದಿದೆಯೋ
ನೋಡಬೇಕು.