ರೀಲಿಲ್ಲದ ಕ್ಲಿಕ್ಕು

ನನ್ನ ಕೆಲಸ ಅಳಿಸುವುದು.
ವೊಲೊಗ್ದಾದ ಪತ್ರಿಕೆಯ ಹಿಂಬದಿ ಕೋಣೆಯಲ್ಲಿ
ಸಣ್ಣದೊಂದು ಚೂರಿ, ಅಳಿಲುಬಾಲದ ಕುಂಚ, ಭೂತಗನ್ನಡಿ.
ಹಾಲು ಕರೆಯುವವಳ ಹರಿದ ತೋಳು ಹೊಲಿದಿದ್ದೇನೆ,
ಸಭೆಯಲ್ಲಿ ಆಕಳಿಸಿದವನ ಬಾಯಿ ಮುಚ್ಚಿಸಿದ್ದೇನೆ,
ಮೂರನೇ ಸಾಲಿನಿಂದ ಒಬ್ಬ ಎಂಜಿನಿಯರನ್ನು ತೆಗೆದು
ಅಲ್ಲೊಂದು ಹೂಕುಂಡ ಇಟ್ಟಿದ್ದೇನೆ.
ಕುಂಡ ಚೆನ್ನಾಗಿಯೇ ಬಂತು.
ಯಾರೂ ಏನೂ ಕೇಳಲಿಲ್ಲ.

ಚಿತ್ರ ತರುತ್ತಿದ್ದವನು ಯೆಫ್ರೇಮ್ ನಾವುಮೊವಿಚ್.
ಕ್ಯಾಮೆರಾದ ಪಟ್ಟಿ ಎಳೆದೆಳೆದು ಎಡ ಹೆಗಲು ತುಸು ಕೆಳಗೆ,
ಬೆರಳ ತುದಿಯಲ್ಲಿ ಮರಳು ಹಾಕಿ ಉಜ್ಜಿದರೂ ಹೋಗದ
ಕತ್ತಲೆಕೋಣೆಯ ಕಂದು.
ಹೋದಲ್ಲೆಲ್ಲ ಒಂದೇ ಮಾತು:
"ಗದ್ದ ಮೇಲೆ, ಸಂಗಾತಿ, ಬೆಳಕಿನ ಕಡೆ."
ಅಗಸೆ ಕೀಳುವವರು, ನದಿಯಲ್ಲಿ ದಿಮ್ಮಿ ತೇಲಿಸುವವರು,
ಹತ್ತನೆಯದನ್ನು ಹೆತ್ತು ಪದಕ ಪಡೆದ ತಾಯಂದಿರು,
ಅವನೆದುರು ನಿಂತರೆ ಸಾಕು, ನಾಳೆಯನ್ನು ಕಂಡುಬಂದವರ ಹಾಗೆ
ನಗುತ್ತಿದ್ದರು.

ನಲವತ್ತೆರಡರಲ್ಲಿ ಅವನನ್ನು ವೋಲ್ಖವ್ ಜೌಗಿಗೆ ಕಳಿಸಿದರು.
ಹದಿನೈದು ದಿನಕ್ಕೆ ಎರಡು ರೀಲು, ಲೆಕ್ಕಕ್ಕೆ ಸಹಿ.
ಹುಡುಗರಿಗೇನು ಗೊತ್ತು ಲೆಕ್ಕ?
ಕ್ಯಾಮೆರಾ ಕಂಡದ್ದೇ ಟೋಪಿ ಸರಿಮಾಡಿಕೊಂಡು
"ನಂದೊಂದು, ಮಾವ, ನಂದೊಂದು,
ಅಮ್ಮ ಪೇಪರಿನಲ್ಲಿ ನೋಡಲಿ."
ಬೆಳಗಿನ ಜಾವ ಅವರು ಹೊಳೆ ದಾಟಬೇಕಿತ್ತು.
ಇಲ್ಲ ಅನ್ನಲು ಅವನಿಗೆ ನಾಲಿಗೆ ಏಳಲಿಲ್ಲ.
ಗದ್ದ ಮೇಲೆ, ಎಂದ.
ಖಾಲಿ ಹೊಟ್ಟೆಯ ಕ್ಯಾಮೆರಾ
ಕ್ಲಿಕ್ಕೆಂದಿತು, ಕ್ಲಿಕ್ಕೆಂದಿತು,
ಸಾಲು ಮುಗಿಯುವವರೆಗೆ.

ಇದನ್ನವನು ಬಾಯಿಬಿಟ್ಟದ್ದು ಏಳು ವರ್ಷದ ಮೇಲೆ,
ಅದೂ ಪೆಲಗೇಯಾ ಬಂದಳೆಂದು.
ತೋತ್ಮಾದಿಂದ ಹಡಗು ಹತ್ತಿ ಬಂದಿದ್ದಳು,
ಬರ್ಚ್ ತೊಗಟೆಯ ಡಬ್ಬಿಯಲ್ಲಿ ಜೌಗಿನ ಕೆಂಪು ಹುಳಿಹಣ್ಣು,
ರವಿಕೆಯೊಳಗೆ ತ್ರಿಕೋನ ಮಡಿಚಿದ ಕಾಗದ:
ಇವತ್ತು ಪೇಪರಿನವರು ನನ್ನ ಚಿತ್ರ ತೆಗೆದರು, ಅಮ್ಮ,
ಬಂದಾಗ ನೋಡು.
"ಏಳು ವರ್ಷ ನೋಡಿದೆ," ಎಂದಳು.
"ಗೋಡೆಗೆ ಮೆತ್ತುವ ಮೊದಲು, ಮೀನು ಸುತ್ತುವ ಮೊದಲು,
ಒಂದೊಂದು ಹಾಳೆ. ನನ್ನ ಕಣ್ಣು ತಪ್ಪಿತೇನೋ."

ಆ ರಾತ್ರಿ ಅವನು ಪೆಟ್ಟಿಗೆಯೆಲ್ಲ ಸುರಿದು ಒಬ್ಬನನ್ನು ಹುಡುಕಿದ.
ಹಿಂಬದಿಯಲ್ಲಿ ಹೆಸರಿಲ್ಲ, ಊರಿಲ್ಲ. ಅದೇ ವಯಸ್ಸು.
"ಹುಬ್ಬಿನ ಮೇಲೆ ಕಲೆ ಇತ್ತಂತೆ, ಕುದುರೆ ಒದ್ದದ್ದು.
ಬರೆಯುತ್ತೀಯಾ?"
ನಾನು ಬರೆದೆ.
ಅಷ್ಟು ಎಚ್ಚರದಿಂದ ನಾನು ಯಾರನ್ನೂ ಅಳಿಸಿರಲಿಲ್ಲ.

ಕಿಟಕಿಗೆ ಹಿಡಿದು ನೋಡಿದಳು. ಚಹಾ ಆರಿತು.
"ಕಲೆ ಚೆನ್ನಾಗಿದೆ," ಎಂದಳು.
"ನನ್ನ ಪ್ರೋಖರನ ಕಿವಿ ಹೀಗಿರಲಿಲ್ಲ. ಇವನು ಯಾರ ಮಗ?"
ಗೊತ್ತಿಲ್ಲ, ಎಂದೆವು. ಯೆಫ್ರೇಮ್ ತನ್ನ ಬೆರಳನ್ನೇ ನೋಡುತ್ತಿದ್ದ.
"ಹಾಗಾದರೆ ಕೊಡಿ. ಇವನ ತಾಯಿ ಕೇಳಿಕೊಂಡು ಬಂದರೆ
ತೋತ್ಮಾದಲ್ಲಿದ್ದಾನೆ ಅನ್ನಿ.
ಈ ಕಲೆಯೊಂದನ್ನು ಒರೆಸಿಬಿಡು ತಾಯಿ,
ಅವಳಿಗೆ ಗುರುತು ಸಿಗಬೇಕಲ್ಲ."

ಆಮೇಲೆ ಅವನು ಅಣೆಕಟ್ಟುಗಳ ಚಿತ್ರ ತೆಗೆದ,
ಗೋಧಿಯ ಬಯಲು, ಹೊಸ ಕುಲುಮೆ, ಮೇ ತಿಂಗಳ ಮೆರವಣಿಗೆ.
ಎರಡು ಪದಕ ಬಂತು. ಒಂದರ ಪಿನ್ನು ಮುರಿದಿತ್ತು.
ಮದುವೆಮನೆಯಲ್ಲಿ ಮಕ್ಕಳು ನಂದೊಂದು, ನಂದೊಂದು ಎಂದು ಮುತ್ತಿದರೆ
ಕ್ಯಾಮೆರಾದ ಬೆನ್ನು ತೆರೆದು ತೋರಿಸುತ್ತಿದ್ದ,
ಜೇಬು ಕೊಡವಿ ತೋರಿಸುವ ಹಾಗೆ: ನೋಡಿ, ಇಲ್ಲ.
ನಗುತ್ತಿರಲಿಲ್ಲ. ಮಕ್ಕಳು ಹೆದರುತ್ತಿದ್ದವು.

ಅವನು ಹೋದ ಮೇಲೂ ಮೂರು ಶರತ್ಕಾಲ
ತೋತ್ಮಾದ ಡಬ್ಬಿ ಬಂತು. ವಿಳಾಸ: ಕುಂಚದವಳಿಗೆ.
ಹಣ್ಣಿನ ರಸ ಸೋರಿ ನನ್ನ ಮೇಜಿನ ಮೂಲೆ ಕೆಂಪಾಗಿದೆ.
ಕೊನೆಯ ಡಬ್ಬಿಯಲ್ಲಿ ಪೆನ್ಸಿಲಿನ ಎರಡು ಸಾಲು:
ಯಾರೂ ಬಂದಿಲ್ಲ ಇನ್ನೂ.
ಹುಡುಗ ಚೆನ್ನಾಗಿದ್ದಾನೆ.