ಬಂದೆ ಅಂದವನ ಮೊಕದ್ದಮೆ

ಬೆಳಗಾವಿ ಕೋರ್ಟಿನ್ಯಾಗ ನಂದು ದುಭಾಷಿ ಕೆಲಸ.
ಇಪ್ಪತ್ತೆರಡು ವರ್ಷ ಆತು, ಮಂದಿ ಅಳೂದನ್ನೂ
ಲಿಂಗ, ವಚನ, ಕಾಲ ತಪ್ಪದಂಗ
ಈ ದಂಡಿಯಿಂದ ಆ ದಂಡಿಗೆ ದಾಟಿಸಿಕೋತ ಬಂದೇನಿ.

ಇವತ್ತಿಂದು ಸಣ್ಣ ಮೊಕದ್ದಮೆ.
ಶಹಾಪುರದ ಬ್ಯಾಂಡಿನ ಕ್ಲಾರಿನೆಟ್ಟಿನವ, ದಸ್ತಗೀರ,
ಏಳು ವರ್ಷದ ಹಿಂದ ಒಂದು ಸಂಜಿಮುಂದ
ಪೀಪಿಗೆ ಹೊಸಾ ರೀಡು ತರಾಕ ಖಡೇಬಜಾರಕ್ಕ ಹೋದವ
ತಿರುಗಿ ಮನಿ ಮುಟ್ಟಿಲ್ಲ.
ಏಳು ವರ್ಷ ಸುದ್ದಿ ಇಲ್ಲದವನ್ನ
ಕಾಯ್ದೆ, ಇಲ್ಲದವ ಅಂತನ ಹಿಡೀತದ.
ಅವನ ಅಕ್ಕ ಜೈನಾಬಿ ಕೇಳೂದು
ಪಾಸ್‌ಬುಕ್ಕಿನ್ಯಾಗಿನ ಹದಿನಾಲ್ಕು ಸಾವಿರ. ಅಷ್ಟ.

ಮೊದಲ ಸಾಕ್ಷಿ ಬಾಜೂ ಮನಿ ಬಾಳವ್ವ.
"ಮನಷ್ಯಾ ಹೆಂಗ?" ಅಂದ್ರು ವಕೀಲರು.
"ಭಾಳ ಛಲೋ ಇದ್ದ" ಅಂದಾಕಿ ನಾಲಿಗಿ ಕಚ್ಚಿಕೊಂಡು
"ಇದ್ದಾನ" ಅಂದ್ಳು.
ಆಮ್ಯಾಲೆ ಜೈನಾಬಿ ಮಾರಿ ನೋಡಿ, ಸಣ್ಣ ದನೀಲೆ,
"ಇದ್ದಾನು, ಎಲ್ಲ್ಯಾರ."

ಟೈಪಿಸ್ಟ ಬೆರಳು ಎತ್ತಿ ನನ್ನ ಕಡೆ ನೋಡಿದ:
ಮೂರರಾಗ ಯಾವುದು?

ಏನು ಹೇಳಲಿ ಅವಗ.
'ಇದ್ದಾನ'ದ ಹೊಟ್ಟ್ಯಾಗ 'ಇದ್ದ' ಅನ್ನಾಂವ
ಮೊದಲಿಂದನೂ ಕುಂತಾನ.
ಇರೂದಕ್ಕೂ ಇರಬಹುದು ಅನ್ನೂದಕ್ಕೂ ನಡುವ
ತುಟಿ ಒಂದು ಸಲ ದುಂಡಗ ಮಾಡೂವಷ್ಟ ದೂರ,
ಪೀಪಿ ಊದಾವರು ಮಾಡ್ತಾರಲ್ಲ, ಹಂಗ.

ಎರಡನೇದವ ಹಾರ್ಮೋನಿಯಂ ರಿಪೇರಿ ತಾತ್ಯಾ ಮುಚ್ಚಂಡೀಕರ.
"ಹೋತಾ" ಅಂದ, ಠಸ್ಸೆ ಒತ್ತಿದಂಗ.
'ಇದ್ದನು' ಅಂತ ಬರಸಿದೆ.
ಹೊರಗ ಹೋಗೂಮುಂದ ಬಾಗಲಾ ಹಿಡಕೊಂಡು ನಿಂತು
"ಅಸೇಲ್, ಕುಠೇತರೀ ಅಸೇಲ್" ಅಂದ.
ಅದನ್ನ ಯಾರೂ ಬರಕೊಳ್ಳಲಿಲ್ಲ.
ಅನುಮಾನ ಬಂದ್ರ ಮರಾಠಿ
ನಾಳಿನ ಮನ್ಯಾಗ ಹೋಗಿ ಕುಂಡರತದ.

ಕಡೀಗೆ ಜೈನಾಬಿ.
ಹೋಗೂಮುಂದ ಏನಂದ?
"ಅಭೀ ಆಯಾ, ಬೋಲಾ."

'ಈಗ ಬಂದೆ' ಅಂದನಂತ್ರೀ, ಅಂದೆ ನಾ.
ಸಾಹೇಬರು ಚಷ್ಮಾ ತಗದ್ರು.
"ಗೊತ್ತದ್ರೀ. ಆದ್ರ ಇಂಗ್ಲಿಷ್ ಪ್ರತಿ ಮ್ಯಾಲಿನ ಕೋರ್ಟಿಗೆ ಹೋಗೂದು.
'ಕೇಮ್' ಅಂತ ಬರದ್ರ ಬಂದಾನ ಅಂತ ಓದ್ತಾರ.
'ವಿಲ್' ಹಾಕ್ರಿ."

ಹಾಕಿದೆ.
ಈ ಕಟ್ಟಡದಾಗ ವಿಲ್ ಅಂದ್ರ
ಸಾಯಾವರು ಬರದಿಟ್ಟು ಹೋಗೂ ಕಾಗದ ಸುದ್ದಾ.

ಜೈನಾಬಿ, ಅಂವ ಬರ್ತೀನಂತ ಮಾತು ಕೊಟ್ಟಿದ್ದಿಲ್ಲ.
ಹೊಸ್ತಿಲಾ ದಾಟೂಕಿಂತ ಮೊದಲ
ಬಂದು ಮುಗಿಸಿದ್ದ.
ಆಯಾ, ಆಲೋಚ್, ಬಂದೆ:
ಈ ಊರಾಗ ಯಾವ ಓಣಿಯವರ ಹೊಂಟರೂ
ತಿರುಗಿ ಬಂದ ಹೊಂಡತಾರ.
ಇದಕ್ಕ ಯಾವ ಕಾಲ ಅಂತಾರ,
ಸಾಲ್ಯಾಗ ಮೂರ ಕಲಿಸಿದ್ರು ನಮಗ.

ಪುಕಾರಿನವ ವರಾಂಡದಾಗ ನಿಂತು ಕೂಗಿದ,
"ದಸ್ತಗೀರ ರಾಜೇಸಾಬ ಬಾಜೇವಾಲೆ, ಹಾಜರ್ ಇದ್ದಾನೇನು?"
ಫ್ಯಾನಿನ ಸಪ್ಪಳ.
ಮತ್ತ ಕೂಗಿದ. ಫ್ಯಾನು.
ಮೂರನೇದಕ್ಕ, ಕೆಳಗ ಪಾವಟಿಗಿ ಕಡಿಂದ,
"ಬಂದೆ!"

ಜೈನಾಬಿ ಎದ್ದ ಬಿಟ್ಳು.
ಸಾಹೇಬರೂ ಕುತ್ತಿಗಿ ಚಾಚಿದ್ರು.

ಚಹಾದ ಹುಡುಗ.
ಗಿಡದ ಬುಡಕ ಬಾಂಡ್ ಬರಿಯಾವರು ಯಾರೋ
ಕರದಿರಬೇಕು ಅವನ್ನ.
ಅಂವನೂ ಇನ್ನೂ ಬಂದಿದ್ದಿಲ್ಲ.
ಜೈನಾಬಿ ಕುಂಡರಲಿಲ್ಲ.